ಕೇಪಳದ ಚಿಗುರು ಹಳದಿಯಾದರೆ



ಮಲೆನಾಡಿನ ಜಂಬಿಟ್ಟಿಗೆ ಗುಡ್ಡಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಕೆಂಪಗೆ ಹೂಬಿಡುವ ಕೇಪಳವನ್ನು ನೀವೆಲ್ಲ ಬಲ್ಲಿರಿ. ಅದನ್ನೇ ಶಿವಮೊಗ್ಗದ ವಿನೋಬನಗರದಂಥ ಬಡಾವಣೆಯ ಮನೆಯಂಗಳದಲ್ಲಿ ನೆಟ್ಟರೆ ಕೆಲವೊಮ್ಮೆ ಹಳದಿಗೆ ತಿರುಗುತ್ತದೆ. ಮನೆಯವರು ಯೂರಿಯಾ ಹಾಕುತ್ತಾರೆ, ಬಚ್ಚಲೊಲೆಯ ಬೂದಿ ಹಾಕುತ್ತಾರೆ. ಕೊನೆಗೆ ಗಿಡವನ್ನೇ ಕಿತ್ತೆಸೆಯುತ್ತಾರೆ. ಸಸಿ ಮಾರಿದ ರೈತನಿಗೂ ಕೆಟ್ಟ ಹೆಸರು.

ಮದ್ದು ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಹಳದಿಯಾದದ್ದು ಯಾವ ಎಲೆ?

ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ. ಹಳೆಯ ಎಲೆಯಲ್ಲಿ ನರಗಳ ನಡುವೆ ಮಾತ್ರ ಹಳದಿಯಾದರೆ ಮೆಗ್ನೀಷಿಯಂ ಕೊರತೆ. ಇವೆರಡನ್ನೂ ಗಿಡ ಹಳೆಯ ಎಲೆಯಿಂದ ತೆಗೆದು ಚಿಗುರಿಗೆ ಸಾಗಿಸಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಆದ್ದರಿಂದ ಕಬ್ಬಿಣದ ಕೊರತೆ ಚಿಗುರಿನಲ್ಲೇ ಕಾಣುತ್ತದೆ: ಎಲೆ ಹಳದಿ, ನರಗಳು ಮಾತ್ರ ಹಸಿರು ಬಲೆಯಂತೆ. ಬುಡದಲ್ಲಿ ನೀರು ನಿಂತು ಇಡೀ ಗಿಡ ಹಳದಿಯಾಗಿ ಬಾಡುತ್ತಿದ್ದರೆ ಬೇರು ಕೊಳೆತಿದೆಯೇ ನೋಡಿ. ಮೊದಲು ನೀರು ಬಸಿಯುವಂತೆ ಮಾಡಿ.

ನಮ್ಮ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು. ಹಾಗಾದರೆ ಕೊರತೆ ಏಕೆ? ಕೇಪಳಕ್ಕೆ ಹುಳಿ ಮಣ್ಣು ಬೇಕು. ರಸಸಾರ 5ರಿಂದ 6ರ ಆಸುಪಾಸು ಒಳ್ಳೆಯದು. ಗೋಡೆ ಬದಿಯ ಗಾರೆ, ಸಿಮೆಂಟು ಚೂರು, ಗಡಸು ಕೊಳವೆಬಾವಿ ನೀರು, ಬೂದಿ ಇವೆಲ್ಲ ರಸಸಾರವನ್ನು 7ರ ಮೇಲಕ್ಕೆ ಏರಿಸುತ್ತವೆ. ಆಗ ಕಬ್ಬಿಣ ಮಣ್ಣಿನಲ್ಲಿದ್ದರೂ ನೀರಿನಲ್ಲಿ ಕರಗದು, ಬೇರಿಗೆ ದಕ್ಕದು. ಮೊಳೆ ಹೂತರೂ ಪ್ರಯೋಜನವಿಲ್ಲ.

ಖಚಿತಪಡಿಸಿಕೊಳ್ಳಲು ಸುಲಭ ಪರೀಕ್ಷೆಯೊಂದಿದೆ. ಒಂದು ಲೀಟರ್ ನೀರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ, ಅನಂತರ 5 ಗ್ರಾಂ ಅನ್ನಭೇದಿ ಕರಗಿಸಿ, ಒಂದು ಕೊಂಬೆಗೆ ಮಾತ್ರ ಸಂಜೆ ಸಿಂಪಡಿಸಿ. ಎರಡು ವಾರದೊಳಗೆ ಆ ಕೊಂಬೆ ಹಸಿರಾಗತೊಡಗಿದರೆ ಕೊರತೆ ಕಬ್ಬಿಣದ್ದೇ. ಆಗ ಇಡೀ ಗಿಡಕ್ಕೆ 10–15 ದಿನಗಳ ಅಂತರದಲ್ಲಿ ಎರಡು ಮೂರು ಬಾರಿ ಸಿಂಪಡಿಸಿ. ದ್ರಾವಣವನ್ನು ಆಗಿಂದಾಗ್ಗೆ ತಯಾರಿಸಿ. ಗೋಡೆಗೆ ತಗುಲಿದರೆ ತುಕ್ಕಿನ ಕಲೆ ಉಳಿಯುತ್ತದೆ.

ಸಿಂಪಡಣೆ ತಾತ್ಕಾಲಿಕ ಉಪಾಯ. ಶಾಶ್ವತ ಪರಿಹಾರ ಮಣ್ಣಿನಲ್ಲಿದೆ. ಬುಡದ ಗಾರೆಚೂರು ಆರಿಸಿ ತೆಗೆಯಿರಿ, ಬೂದಿ ನಿಲ್ಲಿಸಿ, ಚೆನ್ನಾಗಿ ಕಳಿತ ಎಲೆಗೊಬ್ಬರ ಕೊಡಿ, ಸಾಧ್ಯವಿದ್ದಾಗ ಮಳೆನೀರು ಹಾಯಿಸಿ. ಗಂಧಕವನ್ನು ಮಣ್ಣು ಪರೀಕ್ಷೆ ಮಾಡಿಸಿದ ನಂತರವೇ ಬಳಸಿ. ಅದರ ಫಲ ಕಾಣಲು ತಿಂಗಳುಗಳು ಬೇಕು. ಶಿವಮೊಗ್ಗದ ಸುತ್ತಲಿನವರು ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯಬಹುದು.

ಸಸಿ ಮಾರುವ ಬಾಂಧವರೇ, ಸಸಿಯ ಜೊತೆಗೆ ಒಂದು ಮಾತನ್ನೂ ಕೊಡಿ: "ಗೋಡೆಯಿಂದ ದೂರ ನೆಡಿ, ಬೂದಿ ಹಾಕಬೇಡಿ." ಗಿಡವೂ ಉಳಿದೀತು, ನಿಮ್ಮ ಹೆಸರೂ ಉಳಿದೀತು.