ಕತಾರಿನ ಮಕ್ಕಳು ಮತ್ತು ಬೊಜ್ಜಿನ ಸಾಮಾಜಿಕ ಬೇರುಗಳು



ಮಗು ದುಂಡಗಾದರೆ ‘ಮೈ ತುಂಬಿಕೊಂಡಿದೆ’ ಎಂದು ಹಿರಿಯರು ದೃಷ್ಟಿ ತೆಗೆಯುತ್ತಾರೆ. ಹಸಿವಿನ ನೆನಪು ಅಳಿಯದ ಸಮಾಜಕ್ಕೆ ಅದು ಸಹಜ. ಆದರೆ ಕತಾರಿನಲ್ಲಿ ಬೆಳೆಯುತ್ತಿರುವ ಕನ್ನಡ ಮಕ್ಕಳ ವಿಷಯದಲ್ಲಿ ಈ ಸಂತೋಷದ ಮರುಪರಿಶೀಲನೆ ಅಗತ್ಯ.

ಬೊಜ್ಜಿಗೆ ತಾಯಿತಂದೆಯರ ಅಶಿಸ್ತೇ ಕಾರಣವೆಂದು ತೀರ್ಪು ನೀಡುವುದು ಸುಲಭ. ದೋಹಾದ ದಿನಚರಿ ಬೇರೆಯದನ್ನೇ ಹೇಳುತ್ತದೆ. 2021ರ ನಿಯಮದಂತೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ದುಡಿಸುವಂತಿಲ್ಲ. ದುಡಿದು ಪಳಗಿದ ಮೈಗೇ ಸಲ್ಲದ ಬಿಸಿಲಿನಲ್ಲಿ ಮಗು ಆಡುವುದೆಲ್ಲಿ? ಫ್ಲ್ಯಾಟು, ಲಿಫ್ಟು, ಕಾರು, ಶಾಲೆ, ಮಾಲು – ಇಷ್ಟರಲ್ಲೇ ಅದರ ಲೋಕ ಮುಗಿಯುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇದಕ್ಕೆ ಮಾರುಕಟ್ಟೆ ಜೊತೆಗೂಡುತ್ತದೆ. 330 ಮಿಲಿಲೀಟರಿನ ಒಂದು ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. 2019ರ ಜನವರಿಯಿಂದ ಕತಾರ್ ಸರ್ಕಾರ ಸಕ್ಕರೆ ಬೆರೆಸಿದ ಇಂಗಾಲಯುಕ್ತ ಪಾನೀಯಗಳ ಮೇಲೆ ಶೇ. 50ರಷ್ಟು ತೆರಿಗೆ ವಿಧಿಸಿತು. ರೋಗದ ಒಂದು ಬೇರು ಅಂಗಡಿಯ ಕಪಾಟಿನಲ್ಲಿದೆ ಎಂಬುದನ್ನು ಪ್ರಭುತ್ವವೇ ಒಪ್ಪಿಕೊಂಡಂತಾಯಿತು.

ದಕ್ಷಿಣ ಏಷ್ಯಾದವರ ದೇಹ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಶೇಖರಿಸಿಕೊಳ್ಳುವುದು ಹೆಚ್ಚು. ಮೈಸೂರಿಗರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997ರಲ್ಲಿ ಆರಂಭವಾದ ಅಧ್ಯಯನವು, ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಬಾಲ್ಯದಲ್ಲೇ ಅಧಿಕ ಕೊಬ್ಬನ್ನೂ ಇನ್ಸುಲಿನ್ ಪ್ರತಿರೋಧವನ್ನೂ ಗುರುತಿಸಿತು. ಆದ್ದರಿಂದ ಕನ್ನಡ ಮಕ್ಕಳ ಪಾಲಿಗೆ ಅಪಾಯ ಇಮ್ಮಡಿ: ಟೈಪ್ 2 ಮಧುಮೇಹ, ರಕ್ತದೊತ್ತಡ, ಯಕೃತ್ತಿನಲ್ಲಿ ಕೊಬ್ಬು, ನಿದ್ರೆಯಲ್ಲಿ ಉಸಿರಾಟದ ಅಡಚಣೆ. ಸಹಪಾಠಿಗಳ ಗೇಲಿಯಿಂದಾಗುವ ಮನೋವೇದನೆ ಯಾವ ತಪಾಸಣೆಯಲ್ಲೂ ಕಾಣದು.

ಇಲ್ಲಿ ವರ್ಗದ ಪ್ರಶ್ನೆಯೂ ಇದೆ. ಕುಟುಂಬವನ್ನು ಕರೆತರಲು ನಿಗದಿತ ವೇತನವಿರಬೇಕು. 2021ರಲ್ಲಿ ಗೊತ್ತುಪಡಿಸಿದ 1000 ರಿಯಾಲ್ ಕನಿಷ್ಠ ಮೂಲವೇತನದ ಕಾರ್ಮಿಕನಿಗೆ ಅದು ಎಟುಕದು. ಅವನ ಮಗು ಊರಿನಲ್ಲೇ ಉಳಿಯುತ್ತದೆ. ತಂದೆಯ ಸಾಮೀಪ್ಯಕ್ಕೆ ಬದಲಾಗಿ ಹಣ ಬರುತ್ತದೆ. ಆ ಹಣದ ಬೆನ್ನಿಗೇ ಬಿಸ್ಕತ್ತು, ಚಿಪ್ಸಿನ ಪೊಟ್ಟಣಗಳು ಹಳ್ಳಿಯಂಗಡಿಯಿಂದ ಮನೆಗೆ ಬರುತ್ತವೆ.

2012ರಿಂದ ಕತಾರ್ ಫೆಬ್ರುವರಿಯ ಎರಡನೆಯ ಮಂಗಳವಾರವನ್ನು ರಾಷ್ಟ್ರೀಯ ಕ್ರೀಡಾದಿನವಾಗಿ ಆಚರಿಸುತ್ತಿದೆ. ಉಳಿದ ದಿನಗಳ ಹೊಣೆ ಯಾರದು? ಸಂಜೆ ತೆರೆದಿರುವ ಶಾಲಾ ಅಂಗಳ, ನೆರಳಿನ ಕಾಲುದಾರಿ, ಸಕ್ಕರೆ ಪಾನೀಯವಿಲ್ಲದ ಕ್ಯಾಂಟೀನು, ರಾಗಿ–ಕಾಳುಗಳಿಗೆ ಮರಳುವ ಅಡುಗೆಮನೆ – ಇವು ಪ್ರಭುತ್ವ, ಶಾಲೆ, ಮನೆ ಹಂಚಿಕೊಳ್ಳಬೇಕಾದ ಕೆಲಸಗಳು. ಮಗುವಿನ ಮೈಯನ್ನು ಹೀಯಾಳಿಸುವ ಹಕ್ಕು ಇವರಲ್ಲಿ ಯಾರಿಗೂ ಇಲ್ಲ.