ಒಂದೇ ಬೀಟು, ಹತ್ತಾರು ಹಾಡು: ದುಡ್ಡು ಯಾರಿಗೆ?

ಇಯರ್‌ಫೋನ್ ಹಾಕ್ಕೊಂಡಿದ್ರೆ ಒಳ್ಳೇದು, ಇವತ್ತಿನ ಮಾತು ಬೀಟಿಂದು.

2002ರಲ್ಲಿ ಲಂಡನ್ನಿನ ಗ್ರೀನ್‌ಸ್ಲೀವ್ಸ್ ಕಂಪನಿ ಒಂದು ಆಲ್ಬಂ ತಂತು. ಹೆಸರು ‘ದಿವಾಲಿ’. ಹೌದ್ರಿ, ನಮ್ಮ ದೀಪಾವಳಿನೇ! ಸಂಗೀತ ಮಾತ್ರ ಜಮೈಕಾದ್ದು. ಮೊದಲ ಹಾಡು ಮುಗಿದು ಎರಡನೇದು ಶುರುವಾದ್ರೆ, ಫೋನ್ ಏನಾರ ಕೆಟ್ಟಿತೇನು ಅನ್ನಿಸುತ್ತೆ. ಅದೇ ಚಪ್ಪಾಳೆ, ಅದೇ ಡ್ರಮ್ಮು. ಮೂರನೇದೂ ಅದೇ. ಬದಲಾಗೋದು ದನಿ, ಸಾಹಿತ್ಯ ಅಷ್ಟೇ. ‘ಲೆಂಕಿ’ ಅಂತ ಹೆಸರಾದ ಸ್ಟೀವನ್ ಮಾರ್ಸ್ಡೆನ್ ಮಾಡಿದ ಈ ಒಂದು ಟ್ರ್ಯಾಕ್ ಮೇಲೆ ಬೌಂಟಿ ಕಿಲ್ಲರ್, ವೇಯ್ನ್ ವಂಡರ್, ಶಾನ್ ಪಾಲ್ ಎಲ್ಲರೂ ಹಾಡಿದರು. ಶಾನ್ ಪಾಲ್ ಅವರ ‘ಗೆಟ್ ಬಿಜಿ’ 2003ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋಯಿತು.

ಇಂಥ ಟ್ರ್ಯಾಕಿಗೆ ಅಲ್ಲಿಯವರು ‘ರಿಡಿಂ’ ಅಂತಾರೆ. ರೂಪಿ ಎಡ್ವರ್ಡ್ಸ್ 1974ರಲ್ಲೇ ಒಂದೇ ರಿಡಿಂ ಇಟ್ಟುಕೊಂಡು ‘ಯಮಹಾ ಸ್ಕ್ಯಾಂಕ್’ ಅನ್ನೋ ಆಲ್ಬಂ ತಂದಿದ್ದರು. ಕದ್ದ ಬೀಟು ಅಂತ ಕೇಳೋರು ಬೈಯಲ್ಲ. ಬೀಟು ಎಲ್ಲರಿಗೂ ಗೊತ್ತು, ಅದರ ಮ್ಯಾಲೆ ನೀ ಏನು ಹೇಳ್ತಿ ಅನ್ನೋದೇ ಪ್ರಶ್ನೆ.

ಸುರಪುರ, ಶಹಾಪುರ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೆ ನಮ್ಮಲ್ಲಿ ‘ಧಾಟಿ’ ಅಂತ ಹೆಸರೇ ಅದ. ಜಾತ್ರೆಯಲ್ಲಿ ಮಾರೋ ಭಜನಿ ಪುಸ್ತಕ ತೆರೆದು ನೋಡ್ರಿ, ಪದದ ನೆತ್ತಿ ಮೇಲೆ ಇಂಥ ಹಾಡಿನ ಧಾಟಿ ಅಂತ ಅಚ್ಚು ಹಾಕಿರ್ತಾರೆ. ಎಷ್ಟೋ ಸಲ ಅದು ಸಿನಿಮಾ ಹಾಡು! ಬೋನಾಳದಿಂದ ತಿಂಥಣಿವರೆಗೆ ತತ್ವಪದ ಹಾಡೋರು, ಮೊಹರಂ ಹೊತ್ತಿಗೆ ರಿವಾಯತ್ ಪದ ಕಟ್ಟೋರು ಧಾಟಿ ನನ್ನದು ಅಂತ ಜಗಳ ಆಡಲ್ಲ. ಸವಾಲು ಹಾಕಿದ ಧಾಟಿಯಲ್ಲೇ ಎದುರಿನ ಮೇಳ ಜವಾಬು ಕೊಟ್ಟರೆ ಕೂತವರು ‘ಭಲೇ’ ಅಂತಾರೆ.

ಆದರೆ ಒಂದು ಫರಕು ಅದ, ನನಗೆ ಅದೇ ದೊಡ್ಡದು. ಧಾಟಿ ಗಂಟಲಲ್ಲಿ ಇರ್ತದ, ರಿಡಿಂ ಟೇಪಿನಲ್ಲಿ ಇರ್ತದ. ಟೇಪಿಗೆ ಮಾಲೀಕ ಇರ್ತಾನ. ಜಮೈಕಾದಲ್ಲಿ ನುಡಿಸಿದವರಿಗೆ ಸಾಮಾನ್ಯವಾಗಿ ಒಂದೇ ಸಲ ಪಗಾರ ಕೊಟ್ಟು ಕಳಿಸ್ತಿದ್ದರು. ನಿರ್ಮಾಪಕ ಅದೇ ಟೇಪಿನ ಮೇಲೆ ವರ್ಷಗಟ್ಟಲೆ ಹೊಸ ಹಾಡು ಹಾಕಿಸ್ತಿದ್ದ. ಆ ಕಾಲ ಈಗ ತಿರುಗಿದೆ. ಸ್ಟೀಲಿ ಅಂಡ್ ಕ್ಲೀವಿ ಜೋಡಿಯ 1989ರ ‘ಫಿಶ್ ಮಾರ್ಕೆಟ್’ ರಿಡಿಂ ಮೇಲೇ ರೆಗ್ಗೆಟಾನ್ ಸಂಗೀತ ಬೆಳೆದಿದೆ ಅಂತ 2021ರಲ್ಲಿ ಅಮೆರಿಕದ ಕೋರ್ಟಿನಲ್ಲಿ ದಾವೆ ಬಿತ್ತು. ಗೆದ್ದರೆ ನೂರಾರು ಹಾಡಿನ ಲೆಕ್ಕ ಬದಲಾಗ್ತದ.

ನಮ್ಮ ಹುಡುಗರ ಜನಪದ ಡಿಜೆ ಹಾಡುಗಳಿಗೂ ಇದು ಬರ್ತದ್ರಿ. ಕರ್ತೃ ಗೊತ್ತಿಲ್ಲದ ಹಳೇ ಧಾಟಿಗೆ ಯಾರೂ ಹಕ್ಕು ಕೇಳೋ ಹಾಗಿಲ್ಲ. ಆದರೆ 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯ, ಸಂಗೀತ, ರೆಕಾರ್ಡಿಂಗ್ ಮೂರೂ ಬೇರೆ ಬೇರೆ ಹಕ್ಕು. ಯೂಟ್ಯೂಬಿನಿಂದ ಇಳಿಸಿದ ಟ್ರ್ಯಾಕಿನ ಮೇಲೆ ನೀವು ಹಾಡಿದ್ರೆ ಸಾಲು ನಿಮ್ಮವು, ಟ್ರ್ಯಾಕು ಇನ್ನೊಬ್ಬರದು. ವಿಡಿಯೋ ಓಡಿದ ಮೇಲೆ ಕ್ಲೇಮ್ ಬಿದ್ದರೆ ದುಡ್ಡು ಆ ಕಡೆ ಹೋಗ್ತದ. ಹಾಡೋಕ್ಕಿಂತ ಮೊದಲೇ ಕೇಳ್ರಿ, ವಾಟ್ಸಾಪಿನಲ್ಲಾದರೂ ಒಪ್ಪಿಗೆ ಬರೆಸಿಕೊಳ್ರಿ. ಕೀಬೋರ್ಡ್ ನುಡಿಸಿದವರ ಹೆಸರು ಡಿಸ್ಕ್ರಿಪ್ಷನ್‌ನಲ್ಲಿ ಹಾಕ್ರಿ, ಅದಕ್ಕೇನು ರೊಕ್ಕ ಬೀಳಲ್ಲ.

ನಿಮ್ಮೂರ ಭಜನಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಪದಕ್ಕೆ ಬಳಸೋ ಧಾಟಿ ಯಾವುದು? ವಾಯ್ಸ್ ನೋಟ್ ಕಳಿಸ್ರಿ, ಮುಂದಿನ ವಾರ ಕೇಳಿಸ್ತೀವಿ.