ಊರಿನ ಲೆಕ್ಕ, ಸಂಘದ ಲೆಕ್ಕ

(ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್ಸೆಸ್ಸೆಲ್ಸಿ ಮುಗಿಸಿ ಹೊಲ ಹಿಡಿದವರು. ದೊಡ್ಡ ಭಾಷಣ ನಮಗೆ ಬರುವುದಿಲ್ಲ. ಸಂಘಕ್ಕೆ 25 ವರ್ಷ ತುಂಬಿದ ಈ ಹೊತ್ತಿನಲ್ಲಿ ಒಂದು ಲೆಕ್ಕ ಮಾತ್ರ ನಿಮ್ಮ ಮುಂದೆ ಇಡುತ್ತೇವೆ. ಅದು ರೂಪಾಯಿ ಲೆಕ್ಕವಲ್ಲ, ಮಂದಿಯ ಲೆಕ್ಕ.

ನಮ್ಮ ಝಳಕಿ ವಿಜಯಪುರ-ಸೊಲ್ಲಾಪುರ ಹೆದ್ದಾರಿಯ ಮೇಲಿನ ಗಡಿ ಭಾಗದ ಊರು. 1956ರ ಮುಂಚೆ ಗಡಿಯ ಎರಡೂ ಕಡೆ ಮುಂಬಯಿ ರಾಜ್ಯವೇ ಇತ್ತು. ರಾಜ್ಯ ಬೇರೆಯಾದರೂ ಬೀಗತನ ಬಿಟ್ಟಿಲ್ಲ. ಈ ಭಾಗದ ಸಂತೆಯಲ್ಲಿ ನಿಂತರೆ ಕನ್ನಡ, ಮರಾಠಿ, ಉರ್ದು, ಲಂಬಾಣಿ ಮಾತು ಎಲ್ಲವೂ ಕಿವಿಗೆ ಬೀಳುತ್ತವೆ.

ಹಿರಿಯರ ಕಾಲದಲ್ಲಿ ಕಣದಾಗ ಜೋಳದ ರಾಶಿಯಾದರೆ ಬಡಿಗ, ಕಂಬಾರ, ಕುಂಬಾರ, ಅಗಸ, ತಳವಾರ ಎಲ್ಲರಿಗೂ ಆಯ ಕೊಟ್ಟೇ ಉಳಿದದ್ದು ಮನೆಗೆ ಬರುತ್ತಿತ್ತು. ಅದರಲ್ಲಿ ಮೇಲು-ಕೀಳು ಇತ್ತು, ಮುಚ್ಚಿಡುವ ಮಾತಲ್ಲ. ಆದರೆ ಊರಲ್ಲಿ ಯಾರ್ಯಾರು ಇದ್ದಾರೆ ಎಂಬುದು ರಾಶಿಯ ಮುಂದೆ ನಿಂತವನಿಗೆ ಗೊತ್ತಿತ್ತು.

ಈಗ ಆ ಲೆಕ್ಕ ಸರಕಾರದ್ದು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನ ಸುಮಾರು 21 ಲಕ್ಷ 77 ಸಾವಿರ. ಸಾವಿರ ಗಂಡಸರಿಗೆ 960 ಹೆಂಗಸರು. 2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಗಿ 2027ಕ್ಕೆ ನಿಗದಿಯಾಯಿತು. 1931ರ ಬಳಿಕ ಮತ್ತೆ ಎಲ್ಲ ಜಾತಿಗಳನ್ನೂ ಅದರಲ್ಲಿ ಬರೆಯುವುದೆಂದು ಸರಕಾರ ಹೇಳಿದೆ. ಆದರೆ ತಲೆ ಎಣಿಸುವುದು ಫೆಬ್ರವರಿಯಲ್ಲಿ. ಆಗ ಕಬ್ಬು ಕಡಿಯಲು ಗುಳೆ ಹೋದವರು ಊರಲ್ಲಿ ಇರುವುದಿಲ್ಲ. ಎಣಿಕೆಯ ದಿನಗಳೆಲ್ಲ ಹೊರಗೇ ಇದ್ದವರನ್ನು ಇದ್ದಲ್ಲಿಯೇ ಬರೆಯುತ್ತಾರೆ. ಮನೆ ಇಲ್ಲಿ, ಓಟು ಇಲ್ಲಿ, ಎಣಿಕೆ ಅಲ್ಲಿ!

ಸರಕಾರದ್ದು ಇರಲಿ, ನಮ್ಮ ಸಂಘದ ಪುಸ್ತಕ ತೆಗೆಯೋಣ. ನಾವು ಬೆಳೆಸಾಲ ಕೊಡುವುದು ಉತಾರ ನೋಡಿ. ಉತಾರದಲ್ಲಿ ಹೆಸರಿರುವುದು ಹೆಚ್ಚಾಗಿ ಗಂಡಸರದು. ಹೆಂಗಸರು, ಪಾಲಿಗೆ ಹೊಲ ಮಾಡುವವರು, ಕೂಲಿಯವರು ಹೊರಗೇ ಉಳಿದರು.

ಒಮ್ಮೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬರು ಬೀಜ-ಗೊಬ್ಬರಕ್ಕೆ ಸಾಲ ಕೇಳಿ ಬಂದರು. ವಾರಸಾ ಆಗಿರಲಿಲ್ಲ. "ಅಕ್ಕಾರ, ಉತಾರದಾಗ ನಿಮ್ಮ ಹೆಸರಿಲ್ಲ" ಅಂದೆವು. "ಅಣ್ಣಾರ, ಹೊಲದಾಗ ಕಳೆ ತಗಿಯಾಕ ನಾ ಬೇಕು, ನಿಮ್ಮ ಪುಸ್ತಕದಾಗ ಯಾಕ ಬ್ಯಾಡರೀ?" ಎಂದು ಕೇಳಿ ಎದ್ದು ಹೋದರು. ಆ ವರ್ಷ ಅವರ ಹೊಲ ಬೀಳು ಬಿತ್ತು. ನಿಯಮ ನಾವು ಮಾಡಿದ್ದಲ್ಲ, ಖರೆ. ಆದರೆ ಕಾಗದ ಮಾಡಿಸಲು ಅವರ ಜೊತೆ ತಲಾಠಿಯವರ ಹತ್ತಿರ ನಾವು ಒಂದು ಸಲವಾದರೂ ಹೋಗಬಹುದಿತ್ತು. ಹೋಗಲಿಲ್ಲ. ಅದು ನಮ್ಮ ತಪ್ಪು.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಸಾವಕಾರರ ಬಡ್ಡಿಯಿಂದ ರೈತ ಪಾರಾಗಲಿ ಎಂಬುದೇ ಸಂಘದ ಮೂಲ. ನಮ್ಮ ಬಾಗಿಲಿಂದ ಬರಿಗೈಲಿ ಹೋದವರು ಇಂದಿಗೂ ಆ ಬಡ್ಡಿಯ ಬಾಗಿಲಿಗೇ ಹೋಗುತ್ತಾರೆ.

ಅದಕ್ಕೆ ನಮ್ಮ ವಿನಂತಿ ಇಷ್ಟು. ಬರುವ ಸಾಮಾನ್ಯ ಸಭೆಯೊಳಗೆ ನಿರ್ದೇಶಕರು ಒಬ್ಬೊಬ್ಬರು ಒಂದೊಂದು ಓಣಿ ಹಿಡಿಯೋಣ. ತೋಟದ ವಸ್ತಿ, ತಾಂಡಾ ಯಾವುದನ್ನೂ ಬಿಡಬಾರದು. ಯಾರ ಮನೆಯಲ್ಲಿ ವಾರಸಾ ಆಗಿಲ್ಲ, ಯಾರು ಗುಳೆ ಹೋಗಿದ್ದಾರೆ, ಯಾವ ತಾಯಂದಿರು ಗುಂಪು ಕಟ್ಟಿ ಸಾಲ ಪಡೆಯಬಲ್ಲರು ಎಂದು ಬರೆದು ತರೋಣ. ಆ ಪಟ್ಟಿ ಸಭೆಯಲ್ಲಿ ಓದಿ, ಒಂದೊಂದಕ್ಕೂ ದಾರಿ ಹುಡುಕೋಣ.

ಊರಿನ ಲೆಕ್ಕ, ಸಂಘದ ಲೆಕ್ಕ ಒಂದಾದ ದಿನವೇ ನಮಗೆ ಖರೆ ಹಬ್ಬ.